ಇಸ್ಪೀಟು ಮೇಜಿಗೆ 8 ಮಿ.ಮೀ. ಪಿನ್: ನಾಲ್ಕು ವರ್ಷದ ಬಳಕೆಯ ನಂತರ

ಮನೆಯಲ್ಲೇ ಮಾಡಿಕೊಂಡ ಇಸ್ಪೀಟು ಮೇಜಿಗೆ ಈ ಸ್ಟೇಪಲ್ ಪಿನ್ನುಗಳನ್ನು (ಎರಡು ಕಾಲು, ಅವನ್ನು ಸೇರಿಸುವ ಒಂದು ಬೆನ್ನು ಇರುವ ತಂತಿಯ ಪಿನ್) ಹೊಡೆದು ನಾಲ್ಕು ವರ್ಷ ತುಂಬಿತು. ಮೇಲ್ಹಲಗೆ 12 ಮಿ.ಮೀ. ಪ್ಲೈವುಡ್, ಅದರ ಮೇಲೆ 5 ಮಿ.ಮೀ. ಫೋಮ್, ಫೋಮಿನ ಮೇಲೆ ಹಸಿರು ಫೆಲ್ಟ್ ಬಟ್ಟೆ. ಫೋಮನ್ನು ಹಲಗೆಯ ಅಂಚಿಗೇ ಕತ್ತರಿಸಿ, ಬಟ್ಟೆಯನ್ನು ಮಾತ್ರ ಕೆಳಗೆ ಮಡಚಿ ಪಿನ್ ಹೊಡೆದಿದ್ದೇನೆ. ವಾರಕ್ಕೆ ಎರಡು ಮೂರು ಸಂಜೆ ನಾಲ್ವರು ಮೊಣಕೈ ಊರಿ ಕೂರುವ ಮೇಜಿದು. ಬಟ್ಟೆ ಇಂದಿಗೂ ಸಡಿಲವಾಗಿಲ್ಲ.

ಈ ಅಳತೆಗೆ ಬರುವ ಮೊದಲು ಎರಡು ಸಲ ತಪ್ಪು ಪಿನ್ ಕೊಂಡಿದ್ದೆ. ಮೊದಲನೆಯದು ಸುಮಾರು 0.7 ಮಿ.ಮೀ. ದಪ್ಪದ ಸಣ್ಣ ತಂತಿಯ ಪಿನ್. ಮೆತ್ತನೆಯ ಮರಕ್ಕೆ ಅದು ಸಲೀಸಾಗಿ ಇಳಿಯುತ್ತದೆ. ಗಟ್ಟಿ ಪ್ಲೈವುಡ್‌ಗೆ ಕೈಯಲ್ಲಿ ಒತ್ತಿ ಪಿನ್ ಹೊಡೆಯುವ ಗನ್ ಟ್ಯಾಕರ್‌ನಿಂದ ಹೊಡೆದಾಗ ಕಾಲುಗಳು ಬಟ್ಟೆಯ ಮೇಲೆಯೇ ಮಡಚಿಕೊಂಡವು. ತಂತಿ ದಪ್ಪವಿರಬೇಕೆಂದು ಟಿ50 ಮಾದರಿಗೆ ಬಂದೆ. ಇದರ ತಂತಿ ಸುಮಾರು 1.2 ಮಿ.ಮೀ. ಎರಡು ಮಾದರಿಗಳಿಗೆ ಒಂದೇ ಗನ್ ನಡೆಯುವುದಿಲ್ಲ, ಆದ್ದರಿಂದ ಗನ್ನನ್ನೂ ಬದಲಿಸಬೇಕಾಯಿತು. ಉದ್ದವಿದ್ದಷ್ಟೂ ಹಿಡಿತ ಹೆಚ್ಚೆಂದು ಭಾವಿಸಿ 14 ಮಿ.ಮೀ. ಪಿನ್ ತಂದೆ. ಅರ್ಧದಷ್ಟು ಪೂರ್ತಿ ಇಳಿಯಲಿಲ್ಲ. ಸುತ್ತಿಗೆಯಿಂದ ಬಡಿದು ಇಳಿಸಿದೆ. ತುದಿಗಳು ಹಲಗೆಯನ್ನು ದಾಟಿ ಫೋಮಿನೊಳಗೆ ಬಂದವು. ಆಡುವ ಜಾಗದ ಮೇಲೆ ಅಂಗೈ ಒತ್ತಿದಾಗ ಚುಚ್ಚಿತು. ಅಂದೇ ಸಂಜೆ ಒಂದೊಂದನ್ನೂ ಕಿತ್ತೆ.

ಆಗ ಸರಿಯಾದ ಲೆಕ್ಕ ಹೊಳೆಯಿತು. ಡಬ್ಬಿಯ ಮೇಲೆ ಬರೆದಿರುವುದು ಕಾಲಿನ ಒಟ್ಟು ಉದ್ದ. ಅದರಲ್ಲಿ ಬಟ್ಟೆಯ ದಪ್ಪವನ್ನು ಕಳೆದರೆ ಉಳಿಯುವುದಷ್ಟೇ ಮರವನ್ನು ಹಿಡಿಯುವುದು. ಒಂದು ಪದರ ಫೆಲ್ಟ್ ಸುಮಾರು 1 ಮಿ.ಮೀ. ಇದ್ದರೆ 8ರ ಪಿನ್ 7 ಮಿ.ಮೀ. ಮರದೊಳಗಿರುತ್ತದೆ, ಹಲಗೆಯಲ್ಲಿ ಇನ್ನೂ 5 ಮಿ.ಮೀ. ಉಳಿಯುತ್ತದೆ. ಮೂಲೆಗಳ ಲೆಕ್ಕ ಬೇರೆ. ಅಲ್ಲಿ ನಾಲ್ಕು ಮಡಿಕೆ ಸೇರಿ 4 ಮಿ.ಮೀ. ಆಗುತ್ತದೆ, 8ರ ಪಿನ್ನಿನ ಅರ್ಧ ಬಟ್ಟೆಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಮೂಲೆಗಳಿಗೆ ಮಾತ್ರ ಅದೇ ಮಾದರಿಯ 12 ಮಿ.ಮೀ. ಬಳಸಿದೆ. ಎರಡು ಡಬ್ಬಿ ಕೊಳ್ಳುವುದು ದುಂದು ಎನಿಸಬಹುದು, ಆದರೆ ಮೂಲೆ ಎದ್ದರೆ ಇಡೀ ಬಟ್ಟೆ ಸುಕ್ಕಾಗುತ್ತದೆ.

ಪಿನ್ನುಗಳ ನಡುವೆ ಸುಮಾರು 30 ಮಿ.ಮೀ. ಅಂತರವಿದೆ. ಪ್ರತಿ ಬದಿಯ ನಡುವಿನಿಂದ ಆರಂಭಿಸಿ, ಎದುರು ಬದಿಗೆ ಎಳೆದು ಹೊಡೆದು, ಮೂಲೆಗಳನ್ನು ಕೊನೆಗೆ ಮುಗಿಸಿದೆ. ಪಿನ್ನಿನ ಬೆನ್ನನ್ನು ಅಂಚಿಗೆ ಸಮಾನಾಂತರವಾಗಿ ಇಟ್ಟೆ. ಅಡ್ಡವಾಗಿ ಹೊಡೆದರೆ ಎಳೆತವನ್ನು ತಡೆಯಲು ತಂತಿಯ ದಪ್ಪದಷ್ಟೇ ಜಾಗ ಸಿಗುತ್ತದೆ, ಬಟ್ಟೆ ಅಲ್ಲೇ ಹರಿಯತೊಡಗುತ್ತದೆ.

ಒಮ್ಮೆ ಒಂದು ಲೋಟ ನೀರು ಪೂರ್ತಿ ಚೆಲ್ಲಿತು. ಸತುವಿನ ಲೇಪವಿರುವ ಪಿನ್ನುಗಳಾದ್ದರಿಂದ ತುಕ್ಕಿನ ಕಲೆ ಇಳಿಯಲಿಲ್ಲ. ಎರಡನೆಯ ವರ್ಷ ಒಂದೇ ಬದಿಯಲ್ಲಿ ನಾಲ್ಕು ಪಿನ್ನುಗಳು ಸ್ವಲ್ಪ ಎದ್ದಿದ್ದವು. ಆ ಬದಿಯನ್ನು ಮುಗಿಸುವಾಗ ಕೈ ಸೋತಿತ್ತು, ಗನ್ನಿನ ಮೂತಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿರಲಿಲ್ಲ. ಸುತ್ತಿಗೆಯ ಎರಡು ಪೆಟ್ಟಿಗೆ ಕುಳಿತವು, ಮತ್ತೆ ಎದ್ದಿಲ್ಲ. ನನ್ನ ಒಂದೇ ದೂರು ಡಬ್ಬಿಯ ಬಗ್ಗೆ: ತಳದಲ್ಲಿದ್ದ ಪಿನ್ನಿನ ಸಾಲುಗಳು ಮುರಿದಿದ್ದವು, ಅವನ್ನು ತುಂಬಿದಾಗಲೆಲ್ಲ ಗನ್ ಸಿಕ್ಕಿಕೊಂಡಿತು.

ಆಡುವ ಜಾಗದಲ್ಲಿ ಫೆಲ್ಟ್ ಸವೆದಿರುವುದರಿಂದ ಕಳೆದ ವಾರ ಹೊಸ ಬಟ್ಟೆ ಹಾಕಲು ಒಂದು ಬದಿಯನ್ನು ಬಿಚ್ಚಿದೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಬೆನ್ನನ್ನು ಎತ್ತಿ ಇಕ್ಕಳದಿಂದ ಎಳೆದರೆ ಪಿನ್ನುಗಳು ಎರಡು ಕಾಲುಗಳ ಸಮೇತ ಬಂದವು. ಮೊದಲು ಕೊಂಡ ಸಣ್ಣ ಪಿನ್ನುಗಳನ್ನು ಕೀಳುವಾಗ ಹಾಗಾಗಿರಲಿಲ್ಲ; ಮುರಿದ ಕೆಲವು ಕಾಲುಗಳು ಈಗಲೂ ಆ ಹಲಗೆಯಲ್ಲಿವೆ. ಹೊಸ ಬಟ್ಟೆಗೂ ಇವೇ ಪಿನ್ನುಗಳು, ಹಳೆಯ ರಂಧ್ರಗಳಿಂದ ಒಂದು ಬೆರಳಿನಷ್ಟು ಪಕ್ಕಕ್ಕೆ.