ಒಣ ಹಳ್ಳದ ಚಿನ್ನ: ತೂರಬೇಕಾ, ತೊಳೀಬೇಕಾ?

ನಮ್ಮೂರು ಗದಗದ ಕಡೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಈಗ ನಾನಿರೋದು ಪುಣೆಯಲ್ಲಿ, ತಮ್ಮ ಇರೋದು ಅಮೆರಿಕದ ಅರಿಜೋನಾದಲ್ಲಿ. ಕಳೆದ ಡಿಸೆಂಬರಿನಲ್ಲಿ ಅವನ ಜೊತೆ ಕ್ವಾರ್ಟ್ಜ್‌ಸೈಟ್ ಹತ್ತಿರದ ಒಣ ಹಳ್ಳಗಳಲ್ಲಿ ಆರು ದಿನ ಅಗೆದೆ. ಬೇರೆಯವರ ಕ್ಲೇಮ್ (ಚಿನ್ನ ಅಗೆಯುವ ಹಕ್ಕು) ಇಲ್ಲದ ಸರ್ಕಾರಿ ಜಾಗ ನೋಡಿಕೊಂಡೇ ಹೋಗಿದ್ದೆವು. ಆ ಸೀಮೆಯಲ್ಲಿ 1862ರಿಂದಲೂ ಜನ ಚಿನ್ನ ಹುಡುಕುತ್ತಿದ್ದಾರೆ.

ಮೊದಲು ಡ್ರೈವಾಷರ್. ಕಣದಲ್ಲಿ ರಾಶಿ ತೂರುವ ಲೆಕ್ಕವೇ ಇದು. ಇಳಿಜಾರಾದ ಬಟ್ಟೆಯ ಹಾಸು, ಮೇಲೆ ಅಡ್ಡಪಟ್ಟಿಗಳು, ಕೆಳಗಿಂದ ತಿದಿ ಗಾಳಿ ಊದುತ್ತದೆ, ಹಗುರ ಮರಳು ಕುಣಿದು ಕೆಳಗೆ ಹೋಗುತ್ತದೆ, ಭಾರದ್ದು ಪಟ್ಟಿಯ ಹಿಂದೆ ಕೂರುತ್ತದೆ. ದಿನಕ್ಕೆ ನಲವತ್ತು ಬಕೆಟ್ ಜರಡಿ ಹಿಡಿದ ಮಣ್ಣು ಆರಾಮಾಗಿ ಹಾಕಿದೆವು. ಆದರೆ ಮಣ್ಣು ಪೂರ್ತಿ ಒಣಗಿರಬೇಕು. ಮೊಣಕಾಲುದ್ದ ಅಗೆದರೆ ಮರುಭೂಮಿಯಲ್ಲೂ ತೇವ ಸಿಗುತ್ತದೆ! ತೇವದ ಉಂಡೆ ಒಳಗಿನ ಚಿನ್ನವನ್ನೂ ಹೊತ್ತುಕೊಂಡೇ ಉರುಳಿ ಹೋಗುತ್ತದೆ. ತಾಡಪಾಲಿನ ಮೇಲೆ ಹರಡಿ ಬಿಸಿಲಿಗಿಟ್ಟು ಆಮೇಲೇ ಹಾಕಿ. ಮಾಸ್ಕ್ ಮಾತ್ರ ಬಿಡಬೇಡಿ. ಅಲ್ಲಿನ ಧೂಳಿನಲ್ಲಿರುವ ಒಂದು ಶಿಲೀಂಧ್ರದಿಂದ ವ್ಯಾಲಿ ಫೀವರ್ ಅನ್ನೋ ಶ್ವಾಸಕೋಶದ ಕಾಯಿಲೆ ಬರುತ್ತದೆ.

ಎರಡನೆಯದು ಪ್ಯಾನ್, ಅಂದರೆ ಮಣ್ಣನ್ನು ನೀರಲ್ಲಿ ಅಲ್ಲಾಡಿಸಿ ತೊಳೆಯುವ ಅಗಲದ ತಟ್ಟೆ. ನೀರು ಹೊತ್ತುಕೊಂಡು ಹೋಗಬೇಕು. ಅದಕ್ಕೇ ಒಂದು ಟಬ್ಬಿನ ನೀರನ್ನೇ ಇಡೀ ದಿನ ಬಳಸಿದೆವು. ಪಾತ್ರೆ ತೊಳೆಯುವ ಸೋಪು ಎರಡು ಹನಿ ಹಾಕಿದರೆ ಹಿಟ್ಟಿನಂಥ ಚಿನ್ನ ನೀರಿನ ಮೇಲೆ ತೇಲಿ ಹೋಗಲ್ಲ. ದಿನಕ್ಕೆ ಆರೇಳು ಬಕೆಟ್ಟಿಗೇ ಸೊಂಟ ಬಿದ್ದುಹೋಗುತ್ತದೆ.

ಮೆಟಲ್ ಡಿಟೆಕ್ಟರ್ ಎರಡು ದಿನ ಬಾಡಿಗೆಗೆ ತಂದೆವು. ಮೊಳೆ, ಗುಂಡಿನ ಚೂರು, ಡಬ್ಬಿಯ ತಗಡು ಸಿಕ್ಕವು. ಕಬ್ಬಿಣದ ಅಂಶವಿರುವ ಕಲ್ಲಿಗೂ ಅದು ಕೂಗುತ್ತದೆ. ಚಿನ್ನದ ಗಟ್ಟಿಗಳು ಇರುವ ಕಡೆ ಸರಿ, ಪುಡಿ ಚಿನ್ನಕ್ಕೆ ಅಲ್ಲ.

ಆದರೆ ಒಂದು ವಿಷಯ ತಲೆ ತಿನ್ನುತ್ತಿತ್ತು. ಸಿಕ್ಕಿದ್ದು ಕಣ್ಣಿಗೆ ಕಾಣುತ್ತದೆ, ಕಳೆದುಹೋಗಿದ್ದು ಕಾಣಲ್ಲ ಅಲ್ವಾ? ಮಣ್ಣಿನಲ್ಲಿ ಎಷ್ಟಿತ್ತು ಅಂತಲೇ ಗೊತ್ತಿಲ್ಲದೆ ಯಾವುದು ಮೇಲು ಅಂತ ಹೇಗೆ ಹೇಳೋದು? ಅದಕ್ಕೇ ಪುಣೆಗೆ ಬಂದ ಮೇಲೆ ಕೋಥ್ರೂಡಿನ ನಮ್ಮ ಟೆರೇಸಿನಲ್ಲಿ ಪ್ಲೈವುಡ್, ಬಟ್ಟೆ, ಕೈ ತಿದಿ ಸೇರಿಸಿ ಸಣ್ಣ ಡ್ರೈವಾಷರ್ ಕಟ್ಟಿದೆ. ಚಿನ್ನದ ಬದಲಿಗೆ ಗಾಳದ ಸೀಸವನ್ನು ಚಪ್ಪಟೆ ಬಡಿದು, ಅಕ್ಕಿ ನುಚ್ಚಿನಷ್ಟು ಕತ್ತರಿಸಿ, ಎಣಿಸಿ ಹತ್ತು ಚೂರು ಒಂದು ಬಕೆಟ್ ಮರಳಿಗೆ ಬೆರೆಸಿದೆ. ಪ್ಯಾನಿನಲ್ಲಿ ಹತ್ತೂ ಸಿಕ್ಕವು. ಡ್ರೈವಾಷರಿನಲ್ಲಿ ಒಣ ಮರಳಿಗೆ ಎಂಟು. ನೀರು ಚಿಮುಕಿಸಿ ಹಾಕಿದರೆ ಮೂರೇ ಮೂರು! ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಚಿನ್ನ ಹತ್ತೊಂಬತ್ತು ಪಟ್ಟು. ಸೀಸ ಹಿಡಿದ ಕೈ ಅದೇ ಗಾತ್ರದ ಚಿನ್ನವನ್ನು ಸುಲಭಕ್ಕೆ ಬಿಡಲ್ಲ.

ನನ್ನ ಆಯ್ಕೆ ಡ್ರೈವಾಷರೇ, ಆದರೆ ಪ್ಯಾನ್ ಜೊತೆಗಿರಬೇಕು. ಮೊದಲು ತಿರುವಿನ ಒಳಬದಿ, ದೊಡ್ಡ ಬಂಡೆಯ ಹಿಂದೆ, ಗಟ್ಟಿ ಸುಣ್ಣದ ಪದರದ ಮೇಲೆ ಒಂದೊಂದು ಪ್ಯಾನ್ ತೊಳೆದು ನೋಡಿ. ಚಿನ್ನದ ಬಣ್ಣದ ಚುಕ್ಕೆ ಕಂಡ ಕಡೆ ಮಾತ್ರ ಡ್ರೈವಾಷರ್ ಹೂಡಿ. ಸಂಜೆ ಪಟ್ಟಿಯ ಹಿಂದೆ ಉಳಿದ ಕರಿ ಮರಳನ್ನು ಟಬ್ಬಿನಲ್ಲಿ ತೊಳೆದರಾಯಿತು. ಮುಂದಿನ ಚಳಿಗಾಲಕ್ಕೆ ತಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಡಿಟೆಕ್ಟರ್ ಬಾಡಿಗೆಯ ದುಡ್ಡಲ್ಲಿ ಇನ್ನೊಂದು ದೊಡ್ಡ ತಾಡಪಾಲು ತಗೋ ಅಂತ.