ಸೋರುವ ಆಯಿಲ್ ಯಾವುದು? ನೇರಳೆ ಟಾರ್ಚ್ ಮತ್ತು ಹೊಳೆಯುವ ಡೈ: ಕೆಲವು ಮಳೆಗಾಲಗಳ ಬಳಕೆಯ ನಂತರ

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್‌ನ ತಳದಲ್ಲಿರುವ ಸಣ್ಣ ತೂತಿನಿಂದ ಆಯಿಲ್ ತೊಟ್ಟಿಕ್ಕಲು ಶುರುವಾದರೆ ಹೆಚ್ಚಿನ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: ಕ್ರ್ಯಾಂಕ್‌ನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು. ಫೋರ್ ವೀಲ್ ಜೀಪಿನಲ್ಲಿ ಗೇರ್ ಬಾಕ್ಸಿನ ಜೊತೆಗೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸೂ ಕೆಳಗಿಳಿಯುತ್ತದೆ. ಟ್ರ್ಯಾಕ್ಟರ್ ಆದರಂತೂ ವಾಹನವನ್ನೇ ನಡುವಿನಲ್ಲಿ ಎರಡು ಭಾಗ ಮಾಡಬೇಕು. ಇಷ್ಟೆಲ್ಲ ಬಿಚ್ಚಿದ ಮೇಲೆ ಸೋರಿಕೆ ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನದು ಎಂದು ತಿಳಿದರೆ, ಕೂಲಿಯನ್ನಂತೂ ಯಾರೂ ವಾಪಸು ಕೊಡುವುದಿಲ್ಲ.

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಒಂದು ಹಳೆಯ ಜೀಪು, ಒಂದು ಫೋರ್ ವೀಲ್ ಟ್ರ್ಯಾಕ್ಟರ್ ಮತ್ತು ಸೈನ್ಯದ ಹರಾಜಿನಲ್ಲಿ ಬಂದ ಒಂದು ಟ್ರಕ್ ಇವೆ. ಮೂರಕ್ಕೂ ಇಳಿಜಾರು, ಕೆಸರು, ಹಳ್ಳ ದಾಟುವುದು ನಿತ್ಯದ ಕೆಲಸ. ಇವುಗಳಿಗಾಗಿಯೇ ಸೋರಿಕೆ ಹುಡುಕುವ ಈ ಕಿಟ್ ತರಿಸಿದ್ದು. ಆಯಿಲ್‌ಗೆ ಬೆರೆಸುವ ಡೈ ಇರುವ ಸಣ್ಣ ಬಾಟಲಿ, ಅಲ್ಟ್ರಾವಯಲೆಟ್ ಟಾರ್ಚ್, ಒಂದು ಹಳದಿ ಕನ್ನಡಕ, ಇಷ್ಟೇ ಇದರ ಆಸ್ತಿ. ನಾಲ್ಕೈದು ಲೀಟರ್ ಎಂಜಿನ್ ಆಯಿಲ್‌ಗೆ ಸುಮಾರು 30 ಮಿಲಿಲೀಟರ್ ಡೈ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಕತ್ತಲಾದ ಮೇಲೆ ಟಾರ್ಚ್ ಹಿಡಿದರೆ ಆಯಿಲ್ ಹೊರಬಂದ ದಾರಿ ಹಳದಿ ಹಸಿರಾಗಿ ಹೊಳೆಯುತ್ತದೆ.

ಜಾಹೀರಾತಿನಲ್ಲಿ ಹೇಳದ ಮಾತು ಒಂದಿದೆ. ಮೊದಲು ಎಂಜಿನ್ನನ್ನು ಚೆನ್ನಾಗಿ ತೊಳೆಯದಿದ್ದರೆ ಈ ಕಿಟ್‌ಗೆ ಕೊಟ್ಟ ಹಣ ದಂಡ. ಹಳೆಯ ಆಯಿಲ್ ಮತ್ತು ಧೂಳು ಸೇರಿ ಕಟ್ಟಿದ ಕಪ್ಪು ಪದರದ ಮೇಲೆ ಯಾವ ಬೆಳಕೂ ಏನನ್ನೂ ತೋರಿಸುವುದಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾಗುತ್ತದೆ, ಡೈನ ಹೊಳಪನ್ನು ಅದು ನುಂಗುತ್ತದೆ. ಆದ್ದರಿಂದ ಆಯಿಲ್ ಬದಲಿಸಿದ ಹೊಸತರಲ್ಲೇ ಡೈ ಹಾಕುವುದು ಜಾಣತನ. ಸೋರಿಕೆಯ ಮೂಲವನ್ನು ಯಾವಾಗಲೂ ಮೇಲಿನಿಂದ ಹುಡುಕುತ್ತ ಬರಬೇಕು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ತೊಟ್ಟು ಬೀಳುವ ಜಾಗವೇ ಮೂಲ ಎಂದು ನಂಬುವಂತಿಲ್ಲ.

ಜೀಪಿನಲ್ಲಿ ಆಗಿದ್ದು ಇದೇ. ಗ್ಯಾರೇಜಿನಲ್ಲಿ ಕ್ರ್ಯಾಂಕ್ ಸೀಲ್ ಎಂದಿದ್ದರು. ಟಾರ್ಚ್ ಹಿಡಿದಾಗ ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಿಂದ ಹೊರಟ ಹೊಳೆಯುವ ಗೆರೆಯೊಂದು ಬ್ಲಾಕಿನ ಬೆನ್ನಿನ ಮೇಲೆ ಇಳಿದು ಬೆಲ್ ಹೌಸಿಂಗ್‌ನ ಜೋಡಣೆಯವರೆಗೂ ಹೋಗಿತ್ತು. ಹೊಸ ಪ್ಯಾಕಿಂಗ್ ಹಾಕಿದೆವು, ನೆಲ ಒಣಗಿತು. ಕಿಟ್‌ನ ಬೆಲೆ ನನ್ನ ಮಟ್ಟಿಗೆ ಅಲ್ಲಿಗೇ ಹುಟ್ಟಿತು.

ಟ್ರಕ್ಕಿನದು ಇನ್ನೂ ಸ್ವಾರಸ್ಯದ ಪ್ರಕರಣ. ಹೊರೆ ಹೊತ್ತು ಏರು ಹತ್ತುವಾಗ ಎಂಜಿನ್ ಅರಚುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ. ಕ್ಲಚ್ ಜಾರುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಬೆಲ್ ಹೌಸಿಂಗ್‌ನಿಂದ ತೊಟ್ಟೂ ಬೀಳುತ್ತಿತ್ತು. ಎಂಜಿನ್ ಆಯಿಲ್‌ಗೆ ಡೈ ಹಾಕಿ ನೋಡಿದರೆ ಆ ತೊಟ್ಟು ಹೊಳೆಯಲೇ ಇಲ್ಲ. ಹೊಳೆಯದಿರುವುದೂ ಒಂದು ಉತ್ತರವೇ. ಬೆರಳಿಗೆ ಹಚ್ಚಿಕೊಂಡು ಮೂಸಿದಾಗ ಗಂಧಕದ ಘಾಟು, ಬಣ್ಣ ಕಂದು, ಎಂಜಿನ್ ಆಯಿಲ್‌ಗಿಂತ ದಪ್ಪ: ಅದು ಗೇರ್ ಆಯಿಲ್. ಅಂದರೆ ಹೋಗಿದ್ದು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಬಾಕ್ಸಿನೊಳಗೆ ಹೋಗುವ ದಂಡ) ಸೀಲ್. ಬಾಕ್ಸ್ ಇಳಿಸುವುದು ಇಲ್ಲಿ ತಪ್ಪಲಿಲ್ಲ. ಆದರೆ ಸೀಲ್ ಹೋಗಲು ಕಾರಣ ಬೇರೆಯೇ ಇತ್ತು. ಗೇರ್ ಬಾಕ್ಸಿನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ಕಿಂಡಿ, ಕೆಸರಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಹೋಗಲು ಬೇರೆ ದಾರಿಯಿಲ್ಲದೆ ಆಯಿಲನ್ನು ಸೀಲಿನ ತುಟಿಯಿಂದ ಹೊರಕ್ಕೆ ತಳ್ಳುತ್ತದೆ. ಬ್ರೀದರ್ ಬಿಡಿಸದೆ ಹೊಸ ಸೀಲ್ ಹಾಕಿಸಿದರೆ ಅದೂ ಬಹಳ ಕಾಲ ಬಾಳುವುದಿಲ್ಲ. ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಬ್ರೀದರಿಗೂ, ಆಕ್ಸಲ್ಲಿನ ಬ್ರೀದರಿಗೂ ಇದೇ ನಿಯಮ. ಬಿಸಿ ಆಕ್ಸಲ್ ತಣ್ಣನೆಯ ಹಳ್ಳಕ್ಕಿಳಿದಾಗ ಉಲ್ಟಾ ಆಗುತ್ತದೆ, ಅದು ನೀರನ್ನು ಒಳಗೆಳೆದುಕೊಳ್ಳುತ್ತದೆ. ಡ್ರೈನ್ ಬಿಚ್ಚಿದಾಗ ಹಾಲು ಹಾಕಿದ ಕಾಫಿಯಂಥದ್ದು ಸುರಿದರೆ ಆಶ್ಚರ್ಯಪಡಬೇಡಿ.

ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕೋಣ ಎನ್ನುವವರಿದ್ದಾರೆ. ಪ್ಲೇಟಿನ ಲೈನಿಂಗ್ (ಹಿಡಿತ ಕೊಡುವ ಪದರ) ಹೀರಿಕೊಂಡ ಆಯಿಲ್ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಬಾಕ್ಸ್ ಇಳಿದಿರುವಾಗಲೇ ಪ್ಲೇಟ್ ಮತ್ತು ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಎರಡನ್ನೂ ಬದಲಿಸಿಬಿಡಿ. ಅದೇ ಬಾಕ್ಸನ್ನು ಇನ್ನೊಮ್ಮೆ ಇಳಿಸುವ ಕೂಲಿ ಈ ಸಾಮಾನಿಗಿಂತ ದುಬಾರಿ.

ಕ್ಲಚ್ಚಿನ ಎಲ್ಲ ರೋಗಕ್ಕೂ ಈ ಟಾರ್ಚ್ ಮದ್ದಲ್ಲ. ನಮ್ಮ ಟ್ರ್ಯಾಕ್ಟರ್ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತು, ಕೊಯ್ಲಿನ ಹೊತ್ತಿಗೆ ಹೊರತೆಗೆದಾಗ ಪೆಡಲ್ ಪೂರ್ತಿ ಒತ್ತಿದರೂ ಗೇರು ಕರಕರ ಎನ್ನುತ್ತಿತ್ತು. ತೇವಕ್ಕೆ ತುಕ್ಕು ಹಿಡಿದು ಪ್ಲೇಟ್ ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರಕ್ಕೆ (ಫ್ಲೈವೀಲ್) ಅಂಟಿಕೊಂಡಿತ್ತು, ಸೋರಿಕೆ ಏನೂ ಇರಲಿಲ್ಲ. ಇಂಥಲ್ಲಿ ಬೇಕಾದದ್ದು ಕಾಲು ಮತ್ತು ಕಿವಿ. ಪೆಡಲ್ ಒತ್ತಿದಾಗ ಕಿರ್ರೆಂದು ಶಬ್ದ ಬಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬರುವ ಶಬ್ದ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಬೇರಿಂಗ್ ಕಡೆ ನೋಡಿ. ಜಾರುವಿಕೆ ಪರೀಕ್ಷಿಸಲು ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು ಮೇಲಿನ ಗೇರಿನಲ್ಲಿ ಕ್ಲಚ್ ಬಿಡಿ. ಎಂಜಿನ್ ಆಫ್ ಆಗಬೇಕು; ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಹಿಡಿಯುತ್ತಿಲ್ಲ. ಇದನ್ನು ಪದೇ ಪದೇ ಮಾಡಿದರೆ ಉಳಿದ ಲೈನಿಂಗೂ ಸುಟ್ಟುಹೋಗುತ್ತದೆ. ಇದಕ್ಕೆಲ್ಲ ಮೊದಲು ಪೆಡಲಿನ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗಿನ ಖಾಲಿ ಸಡಿಲ, ನೋಡಿ. ಅದು ಸ್ವಲ್ಪವೂ ಇಲ್ಲದಿದ್ದರೆ ಒಳ್ಳೆಯ ಕ್ಲಚ್ಚೂ ಜಾರುತ್ತದೆ, ಅತಿಯಾದರೆ ಗೇರು ಬೀಳುವುದಿಲ್ಲ. ಒಂದು ಸ್ಪ್ಯಾನರ್ ಸಾಕಾಗುವ ಕಡೆ ಬಾಕ್ಸ್ ಇಳಿಸಿದವರನ್ನು ನೋಡಿದ್ದೇನೆ.

ಕಿಟ್‌ನ ಕೊರತೆಗಳೂ ಇವೆ. ನಮ್ಮದು 395 ನ್ಯಾನೊಮೀಟರ್ ತರಂಗಾಂತರದ ಅಗ್ಗದ ಟಾರ್ಚ್. ಅದರ ನೇರಳೆ ಬೆಳಕೇ ಕಣ್ಣಿಗೆ ತುಂಬಿಕೊಂಡು ಮಂದವಾದ ಹೊಳಪು ಮರೆಯಾಗುತ್ತದೆ. 365 ನ್ಯಾನೊಮೀಟರಿನದು ಈ ಕೆಲಸಕ್ಕೆ ಎಷ್ಟೋ ಮೇಲು. ಕನ್ನಡಕದ ಕಡ್ಡಿ ಮೊದಲ ಮಳೆಗಾಲದಲ್ಲೇ ಮುರಿಯಿತು, ದಾರ ಕಟ್ಟಿಕೊಂಡಿದ್ದೇವೆ. ರೇಡಿಯೇಟರಿನ ಕೂಲೆಂಟ್ ಬಹಳ ಸಲ ತಾನೇ ಹಸಿರಾಗಿ ಹೊಳೆಯುವುದರಿಂದ ಅದನ್ನು ಆಯಿಲ್ ಎಂದು ಭ್ರಮಿಸುವ ಅಪಾಯವಿದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬಾರದು. ಇನ್ನು ಶೆಡ್ಡಿನ ಗೋಡೆಯ ಬಿರುಕಿನಲ್ಲಿ ಏನಾದರೂ ಹಸಿರಾಗಿ ಹೊಳೆದರೆ ಬೆರಳಿಡುವ ಮುನ್ನ ಯೋಚಿಸಿ: ಈ ಬೆಳಕಿಗೆ ಚೇಳೂ ಹಾಗೆಯೇ ಹೊಳೆಯುತ್ತದೆ. ಈಗ ನಮ್ಮ ತೋಟದಲ್ಲಿ ಟಾರ್ಚ್ ಕೇಳಿಕೊಂಡು ಬರುವವರಲ್ಲಿ ಡ್ರೈವರಿಗಿಂತ ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರೇ ಹೆಚ್ಚು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಟಾರ್ಚಿನದು. ಮತ್ತೆ ಕೊಳ್ಳುವುದಾದರೆ ಡೈ ಬಾಟಲಿಯನ್ನೂ 365ರ ಟಾರ್ಚನ್ನೂ ಬಿಡಿಯಾಗಿ ತರಿಸುತ್ತೇನೆ.