ಮೂರು ಗೆರೆ ಮೆನುವಾ, ಕೆಳಗಿನ ಪಟ್ಟಿಯಾ?

ಕೋಲಾರದಲ್ಲಿ ಕೂತು ಶ್ರೀನಿವಾಸಪುರದ ಮಾವನ್ನು ವೆಬ್‌ಸೈಟಿನಲ್ಲಿ ಮಾರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಮೆನುವನ್ನು ಮೂಲೆಯ ಮೂರು ಗೆರೆಯ ಗುರುತಿನೊಳಗೆ (☰) ಮುಚ್ಚಿಡಬೇಕಾ, ಪರದೆಯ ಕೆಳಗೆ ಕಾಣುವಂತೆ ಇಡಬೇಕಾ?

ಮೂರು ಗೆರೆ ಹಳೆಯದು. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿನಲ್ಲೇ ಇತ್ತು. ಜಾಗ ಉಳಿಯುತ್ತದೆ, ಎಷ್ಟು ಬೇಕಾದರೂ ತುಂಬಬಹುದು. ಆದರೆ ಕಾಣದ್ದನ್ನು ಯಾರು ಒತ್ತುತ್ತಾರೆ? ಜನ ವೆಬ್‌ಸೈಟ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ ಸಂಸ್ಥೆ 2016ರಲ್ಲಿ ಪರೀಕ್ಷಿಸಿದಾಗ, ಮೆನು ಮುಚ್ಚಿಟ್ಟರೆ ಒಳಗಿರುವುದು ಜನರ ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಕೆಳಗಿನ ಪಟ್ಟಿಯಲ್ಲಿ ಮೂರರಿಂದ ಐದು ಬಟನ್‌ಗಷ್ಟೇ ಜಾಗ. ಆದರೆ ಹೆಬ್ಬೆರಳಿಗೆ ಹತ್ತಿರ. ನಮ್ಮ ಅತ್ತಿಗೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನ್ ಹಿಡಿದು, ಎರಡೇ ಸಲ ಒತ್ತಿ ಬಾದಾಮಿ ಹಣ್ಣಿನ ಬೆಲೆ ನೋಡಿಬಿಟ್ಟರು. ಮೂರು ಗೆರೆಯ ಸೈಟಿನಲ್ಲಿ ಮಾತ್ರ, "ಇದರಲ್ಲಿ ಹಣ್ಣೆಲ್ಲಪ್ಪಾ?" ಅಂತ ಫೋನನ್ನು ನನ್ನ ಕೈಗೇ ಕೊಟ್ಟರು. ಅವರು ಹಣ್ಣು ಕೊಳ್ಳಲು ಬಂದವರು, ಒಗಟು ಬಿಡಿಸಲು ಅಲ್ವಲ್ಲ!

ಎರಡರಲ್ಲೂ ಬರೀ ಚಿತ್ರ ಸಾಲದು, ಹೆಸರೂ ಬೇಕು. ಅದೂ ಸುಮ್ನೆ 'ಉತ್ಪನ್ನಗಳು' ಅಂತಲ್ಲ, 'ಮಾವು' ಅಂತ.

ಐದಾರು ತಳಿ ಮಾರುವವರಾದರೆ ಕೆಳಗಿನ ಪಟ್ಟಿಯೇ ಸರಿ: ಮಾವು, ಬುಟ್ಟಿ, ಡೆಲಿವರಿ, ಫೋನ್. ಹಣ ವಾಪಸಿನ ನಿಯಮ, ತೋಟದ ಕಥೆ ಎಲ್ಲ ಮೂರು ಗೆರೆಯೊಳಗೇ ಇರಲಿ.